ನಿಮ್ಹಾನ್ಸಿಗೇ ಹೋಗ್ಬೇಕಾ, ಮಂಗಳವಾರ ತಾಲೂಕು ಆಸ್ಪತ್ರೆಗೆ ಹೋದ್ರೆ ಸಾಕಾ? ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬರೆದಿರೋದು ಪೇಷೆಂಟುಗಳಲ್ಲ, ಅವರ ಮನೆಯವರು. ಅಕ್ಕ, ಗಂಡ, ಸೊಸೆ, ಅಪ್ಪ. ಹಾಗಾಗಿ ಈ ತಿಂಗಳ ಅಂಕಣ ಪೂರ್ತಿ ಮನೆಯವರಿಗೇ ಇರ್ಲಿ. ಹೊಸದಾಗಿ ಓದ್ತಿರೋರಿಗೆ ಒಂದು ಮಾತು, ನಾನು ಡಾಕ್ಟರಲ್ಲ, ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್, ಅಂದ್ರೆ ಆಸ್ಪತ್ರೇಲಿ ಮನೆಯವರನ್ನ ಕೂರಿಸ್ಕೊಂಡು ಮಾತಾಡೋ ಕೆಲಸ. ಮಾತ್ರೆ ಎಷ್ಟು ಎಂಜಿ ತಗೋಬೇಕು ಅಂತ ಕೇಳಿದವರಿಗೆ ಇಲ್ಲಿ ಉತ್ತರ ಸಿಗಲ್ಲ, ಅದನ್ನ ನಿಮ್ಮ ಡಾಕ್ಟ್ರನ್ನೇ ಕೇಳಿ.

ಪ್ರಶ್ನೆ: ಮೇಡಂ, ನನ್ನ ತಮ್ಮನಿಗೆ 24 ವರ್ಷ, ಡಿಪ್ಲೊಮಾ ಮುಗಿಸಿದ್ದಾನೆ. ಸುಮಾರು ಎಂಟು ತಿಂಗಳಿಂದ ರೂಮಿಂದ ಆಚೆ ಬರ್ತಿಲ್ಲ, ಸ್ನಾನ ಮಾಡಲ್ಲ, ಒಬ್ಬನೇ ಮಾತಾಡ್ತಾನೆ, ನಗ್ತಾನೆ. ಪಕ್ಕದ ಮನೆಯವರು ಕ್ಯಾಮೆರಾ ಇಟ್ಟು ನನ್ನ ನೋಡ್ತಿದ್ದಾರೆ ಅಂತ ಕಿಟಕಿಗೆಲ್ಲ ಪೇಪರ್ ಅಂಟಿಸಿದ್ದಾನೆ. ಎರಡು ದೇವಸ್ಥಾನ ಆಯ್ತು, ತಾಯತ ಆಯ್ತು. ಆಸ್ಪತ್ರೆ ಅಂದ್ರೆ ನನಗೇನಾಗಿದೆ ಅಂತ ಹೊಡೆಯೋಕೇ ಬರ್ತಾನೆ. ಅಮ್ಮ ಮದುವೆ ಮಾಡಿದ್ರೆ ಸರಿ ಹೋಗ್ತಾನೆ ಅಂತಾರೆ. ಚಿಕ್ಕಪ್ಪ ಕೈ ಕಾಲು ಕಟ್ಟಿ ಕಾರಲ್ಲಿ ಹಾಕ್ಕೊಂಡು ನಿಮ್ಹಾನ್ಸಿಗೆ ಬಿಟ್ಟು ಬರೋಣ ಅಂತಾರೆ. ಅಲ್ಲಿ ಒಂದ್ಸಲ ಸೇರಿಸಿದ್ರೆ ಆಮೇಲೆ ಬಿಡೋದೇ ಇಲ್ಲ ಅಂತ ಊರಲ್ಲಿ ಹೇಳ್ತಾರೆ, ನಿಜಾನಾ? ಏನು ಮಾಡ್ಲಿ? (ಹೆಸರು ಬೇಡ, ಅರಸೀಕೆರೆ ಹತ್ರ)

ಉತ್ತರ: ಮೊದಲು ಆ ಕೊನೇ ಪ್ರಶ್ನೆಗೆ ಹೇಳಿಬಿಡ್ತೀನಿ. ಸೇರಿಸಿದ್ರೆ ಬಿಡೋದೇ ಇಲ್ಲ ಅನ್ನೋದು ನಮ್ಮ ತಾತನ ಕಾಲದ ಮಾತು. ಬೆಂಗಳೂರಿನ ನಿಮ್ಹಾನ್ಸ್ ಹುಟ್ಟಿದ್ದೇ ಹಳೇ ಹುಚ್ಚಾಸ್ಪತ್ರೆಯಿಂದ, ಅದು ಆಮೇಲೆ ಮೈಸೂರು ಸರ್ಕಾರದ ಮೆಂಟಲ್ ಆಸ್ಪತ್ರೆ ಆಯ್ತು, 1954ರಲ್ಲಿ ಅದರ ಪಕ್ಕದಲ್ಲೇ ಕೇಂದ್ರದ ತರಬೇತಿ ಸಂಸ್ಥೆ ಬಂತು, 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯ್ತು. ಜನರ ತಲೇಲಿ ಮಾತ್ರ ಇನ್ನೂ ಆ ಹಳೇ ಗೋಡೆ ಹಾಗೇ ಇದೆ. ಈಗ ಹೆಚ್ಚಿನವರು ಓಪಿಡಿಯಲ್ಲೇ ತೋರಿಸ್ಕೊಂಡು ಮನೆಗೆ ಹೋಗ್ತಾರೆ, ಅಡ್ಮಿಟ್ ಆದವರೂ ಸಾಮಾನ್ಯವಾಗಿ ಕೆಲವು ವಾರಕ್ಕೆ ವಾಪಸ್. ಇನ್ನೊಂದು ವಿಷಯ, ಅಲ್ಲಿ ಮನೆಯವರು ಒಬ್ಬರು ಜೊತೆಗೇ ಇರೋ ಪದ್ಧತಿ ಇದೆ. 1950ರ ದಶಕದಲ್ಲಿ ಅಮೃತಸರದಲ್ಲಿ ಡಾ. ವಿದ್ಯಾ ಸಾಗರ್ ಅನ್ನೋರು ಆಸ್ಪತ್ರೆ ಜಾಗದಲ್ಲೇ ಟೆಂಟ್ ಹಾಕ್ಸಿ ಪೇಷೆಂಟ್ ಜೊತೆ ಮನೆಯವರನ್ನೂ ಉಳಿಸ್ಕೊಂಡ್ರು, ಮನೆಯವರು ಜೊತೆಗಿದ್ದವರು ಬೇಗ ಹುಷಾರಾಗಿ ಮನೆಗೆ ಹೋಗ್ತಿದ್ರು. ಹೊರದೇಶದ ಆಸ್ಪತ್ರೆಗಳು ಮನೆಯವರನ್ನ ಗೇಟ್ ಆಚೆ ನಿಲ್ಲಿಸ್ತಿದ್ದ ಕಾಲ ಅದು. ನಿಮ್ಹಾನ್ಸಲ್ಲಿ ಈಗ ಫ್ಯಾಮಿಲಿ ವಾರ್ಡೇ ಇದೆ, ಕಾಯಿಲೆ ಏನು, ಹೆಂಗೆ ನೋಡ್ಕೋಬೇಕು ಅಂತ ಮನೆಯವರಿಗೂ ಹೇಳಿಕೊಡ್ತಾರೆ. ಅಂದ್ರೆ ಬಿಟ್ಟು ಬರೋ ಜಾಗ ಅಲ್ಲ ಅದು, ಚಿಕ್ಕಪ್ಪನಿಗೆ ಹೇಳಿ.

ಕಾನೂನಿನ ವಿಷ್ಯ. 2017ರ ಮಾನಸಿಕ ಆರೋಗ್ಯ ಕಾಯ್ದೆ 2018ರಿಂದ ಜಾರಿಯಲ್ಲಿದೆ. ತಾನೇ ಒಪ್ಪಿ ಬಂದ್ರೆ ತಾನೇ ಡಿಸ್ಚಾರ್ಜ್ ಕೇಳಿ ಹೋಗಬಹುದು. ಒಪ್ಪದಿದ್ರೆ, ತನಗೆ ತಾನೇ ಅಪಾಯ ಮಾಡ್ಕೊಳ್ಳೋ ಹಂಗಿದ್ರೆ ಅಥವಾ ಬೇರೆಯವರಿಗೆ ಹೊಡಿಯೋ ಹಂಗಿದ್ರೆ ಅಥವಾ ಊಟ ನೀರೂ ನೋಡ್ಕೊಳ್ಳೋಕಾಗದ ಸ್ಥಿತಿ ಇದ್ರೆ ಮಾತ್ರ, ಮನೆಯವರು ಅರ್ಜಿ ಕೊಟ್ಟ ಮೇಲೆ ಇಬ್ಬರು ಬೇರೆ ಬೇರೆಯಾಗಿ ಪರೀಕ್ಷೆ ಮಾಡಿ ಅಡ್ಮಿಟ್ ಮಾಡ್ಕೋಬಹುದು, ಆ ಇಬ್ಬರಲ್ಲಿ ಒಬ್ಬರು ಸೈಕಿಯಾಟ್ರಿಸ್ಟ್ ಆಗಿರಲೇಬೇಕು. ಅದೂ 30 ದಿನದವರೆಗೆ. ಅದಕ್ಕೂ ಮುಂದೆ ಇಟ್ಕೋಬೇಕು ಅಂದ್ರೆ ಮತ್ತೆ ಪರೀಕ್ಷೆ, ಈ ಕಾಯ್ದೆ ಪ್ರಕಾರ ಇರೋ ರಿವ್ಯೂ ಬೋರ್ಡಿನ ಒಪ್ಪಿಗೆ, ಎಲ್ಲಾ ಬೇಕು.

ಕಟ್ಟಿ ಹಾಕೋದು ಬೇಡ. ಸರಪಳಿ ಹಾಕೋದನ್ನ ಈ ಕಾಯ್ದೆ ಪೂರ್ತಿ ನಿಷೇಧಿಸಿದೆ. 2001ರ ಆಗಸ್ಟಲ್ಲಿ ತಮಿಳುನಾಡಿನ ಎರ್ವಾಡಿ ದರ್ಗಾ ಹತ್ರದ ಒಂದು ಶೆಡ್ಡಿಗೆ ಬೆಂಕಿ ಬಿದ್ದು, ಸರಪಳಿಲಿ ಕಟ್ಟಿಹಾಕಿದ್ದ 28 ಜನ ಓಡೋಕಾಗದೆ ಸತ್ತರು. ಅವರನ್ನ ಅಲ್ಲಿ ಬಿಟ್ಟು ಬಂದಿದ್ದವರಲ್ಲಿ ಎಷ್ಟೋ ಜನ ಮನೆಯವರೇ, ಕೆಟ್ಟೋರೇನಲ್ಲ, ಸುಸ್ತಾದೋರು. ಇದನ್ನ ಹೆದರಿಸೋಕೆ ಹೇಳ್ತಿಲ್ಲ. ಕಟ್ಟಿ ಕರ್ಕೊಂಡು ಹೋದ ಹುಡುಗ ಮುಂದಿನ ಐದು ವರ್ಷ ನಿಮ್ಮ ಕೈಯಿಂದ ಒಂದು ಮಾತ್ರೆನೂ ತಗೊಳ್ಳಲ್ಲ, ಅದು ನಾನು ಸಾಕಷ್ಟು ನೋಡಿರೋದು.

ಹಾಗಾದ್ರೆ ಏನು ಮಾಡೋದು? ಮೊದಲ ಹೆಜ್ಜೆ, ಅವನನ್ನ ಬಿಟ್ಟು ನೀವೇ ಹೋಗಿ. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಕರ್ನಾಟಕದಲ್ಲಿ ಮನೋಚೈತನ್ಯ ಅಂತ ಒಂದು ಕಾರ್ಯಕ್ರಮ 2014ರಿಂದ ಇದೆ, ಮಂಗಳವಾರಗಳಲ್ಲಿ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರ್ತಾರೆ, ಸೂಪರ್ ಟ್ಯೂಸ್‌ಡೇ ಅಂತಾನೇ ಕರೀತಾರೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಅಂತ ಆಸ್ಪತ್ರೇಲೇ ವಿಚಾರಿಸ್ಕೊಳ್ಳಿ, ಇಲ್ಲ ಅಂದ್ರೆ ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ಕೇಳಿ, ಅವರಿಗೆ ಗೊತ್ತಿರುತ್ತೆ. ಹಾಸನ ಮೆಡಿಕಲ್ ಕಾಲೇಜ್ ಆಸ್ಪತ್ರೇಲೂ ಮನೋವೈದ್ಯ ವಿಭಾಗ ಇದೆ. ನೀವು ಹೋಗಿ ಎಂಟು ತಿಂಗಳಲ್ಲಿ ಏನೇನಾಯ್ತು ಅಂತ ಹೇಳಿ, ಯಾವಾಗ ಶುರುವಾಯ್ತು, ನಿದ್ದೆ ಹೆಂಗಿದೆ, ಗಾಂಜಾ ಗೀಂಜಾ ಇದ್ಯಾ (ಬೇಜಾರಾಗ್ಬೇಡಿ, ಇದನ್ನ ಎಲ್ಲರಿಗೂ ಕೇಳ್ತಾರೆ), ಮನೇಲಿ ಬೇರೆ ಯಾರಿಗಾದ್ರೂ ಹಿಂಗಾಗಿತ್ತಾ. ಅಲ್ಲಿಂದ ಅವನನ್ನ ಹೆಂಗೆ ಕರ್ಕೊಂಡು ಬರೋದು ಅಂತ ಅವರೇ ದಾರಿ ಹೇಳ್ತಾರೆ.

ಅವನ ಹತ್ರ ಕ್ಯಾಮೆರಾ ಇಲ್ಲ ಅಂತ ವಾದ ಮಾಡ್ಬೇಡಿ, ಇದೆ ಅಂತಾನೂ ಒಪ್ಪಬೇಡಿ. ನಿನಗೆ ರಾತ್ರಿ ನಿದ್ದೆ ಬರ್ತಿಲ್ಲ ಅಲ್ವಾ, ಸೊರಗಿ ಹೋಗಿದ್ಯಾ, ನಿದ್ದೆಗೊಂದು ಡಾಕ್ಟ್ರಿಗೆ ತೋರ್ಸೋಣ ಬಾ ಅನ್ನಿ. ಅದು ಸುಳ್ಳಲ್ಲ, ಅವನಿಗೂ ಅದು ನಿಜವಾದ ಕಷ್ಟ. ಯಾರ ಮಾತು ಕೇಳ್ತಾನೋ ಅವರೇ ಹೇಳ್ಲಿ, ಅವನ ಫ್ರೆಂಡು ಆಗ್ಲಿ, ಹಳೇ ಮೇಷ್ಟ್ರಾಗ್ಲಿ. ಕೈ ಮೀರಿ ಹೋಯ್ತು, ಹೊಡೆದಾಟ ಆಗ್ತಿದೆ ಅಥವಾ ಸಾಯೋ ಮಾತಾಡ್ತಿದ್ದಾನೆ ಅಂದ್ರೆ ಕಾಯಬೇಡಿ, 108 ಅಥವಾ 112, ಹತ್ತಿರದ ಸರ್ಕಾರಿ ಆಸ್ಪತ್ರೆ. ತುರ್ತಿದ್ದಾಗ ಯಾವ ರಿಜಿಸ್ಟರ್ಡ್ ಡಾಕ್ಟ್ರೇ ಆದ್ರೂ 72 ಗಂಟೆವರೆಗೆ ಚಿಕಿತ್ಸೆ ಕೊಡಬಹುದು ಅಂತ ಅದೇ ಕಾಯ್ದೇಲಿದೆ, ಮನೋವೈದ್ಯರಿಲ್ಲ ಅಂತ ವಾಪಸ್ ಕಳ್ಸಿದ್ರೆ ಇದನ್ನ ಹೇಳಿ.

ನಿಮ್ಹಾನ್ಸಿಗೇ ಹೋಗ್ಬೇಕಾ? ನೇರವಾಗಿ ಹೇಳ್ತೀನಿ, ಮೊದಲ ಸಲಕ್ಕೆ ಬೇಕಾಗಿಲ್ಲ. ಅರಸೀಕೆರೆಯಿಂದ ರಾತ್ರಿ ಹೊರಟು ಬೆಳಿಗ್ಗೆ ಹೊಸೂರು ರೋಡಲ್ಲಿ ಕ್ಯೂ ನಿಂತು ಮಾತ್ರೆ ತಗೊಂಡು ಬಂದವರು, ಮುಂದಿನ ತಿಂಗಳು ಬಸ್ ಚಾರ್ಜು, ಕೂಲಿ ಎರಡೂ ಹೋಗುತ್ತೆ ಅಂತ ಹೋಗಲ್ಲ, ಮಾತ್ರೆ ನಿಲ್ಲುತ್ತೆ, ಕಾಯಿಲೆ ವಾಪಸ್ ಬರುತ್ತೆ. ಹತ್ತಿರ ಸಿಗೋ ಚಿಕಿತ್ಸೆನೇ ನಡೆಯೋ ಚಿಕಿತ್ಸೆ. ಇದನ್ನ ನಿಮ್ಹಾನ್ಸಿನವರೇ ಮೊದಲು ಮಾಡಿ ತೋರಿಸಿದ್ದು. 1985ರಿಂದ ಐದು ವರ್ಷ ಬಳ್ಳಾರಿ ಜಿಲ್ಲೇಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟ್ರಿಗೆ, ಆರೋಗ್ಯ ಕಾರ್ಯಕರ್ತರಿಗೆ ಟ್ರೇನಿಂಗ್ ಕೊಟ್ಟು ಅಲ್ಲೇ ಮಾತ್ರೆ ಸಿಗೋ ಹಂಗೆ ಮಾಡಿದ್ರು, ಅದೇ ಮಾದರೀಲಿ 1996ರಲ್ಲಿ ದೇಶಕ್ಕೆಲ್ಲ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ತೀರ್ಥಹಳ್ಳೀಲಿ 2005ರಿಂದ ಚಿಕಿತ್ಸೆನೇ ಸಿಗದೆ ಮನೇಲಿ ಕೂತಿದ್ದ ಸ್ಕಿಜೋಫ್ರೀನಿಯಾದವರನ್ನ (ಇಲ್ಲದ ದನಿ ಕೇಳಿಸೋದು, ಇಲ್ಲದ ಅನುಮಾನ ಬರೋದು ಆಗೋ ಕಾಯಿಲೆ) ಹುಡುಕಿ ಹುಡುಕಿ ಅಲ್ಲೇ ಚಿಕಿತ್ಸೆ ಕೊಟ್ಟಿದ್ದಾರೆ. ನಿಮ್ಮ ತಾಲೂಕು ಆಸ್ಪತ್ರೇಲಿ ಗುಣ ಕಾಣದಿದ್ರೆ ಅಲ್ಲಿನ ಡಾಕ್ಟ್ರೇ ಚೀಟಿ ಬರೆದು ನಿಮ್ಹಾನ್ಸಿಗೆ ಕಳಿಸ್ತಾರೆ.

ಅಮ್ಮನ ಮದುವೆ ಐಡಿಯಾ ಬಗ್ಗೆ ಒಂದೇ ಮಾತು, ಬೇಡ. ಮುಚ್ಚಿಟ್ಟು ಮಾಡಿದ್ರೆ ಕೋರ್ಟಲ್ಲಿ ಆ ಮದುವೆನೇ ರದ್ದಾಗಬಹುದು, ಅದಕ್ಕೂ ಮೊದಲು ಇನ್ನೊಂದು ಮನೆ ಹುಡುಗಿ ಬದುಕು ಹಾಳಾಗುತ್ತೆ. ಹುಷಾರಾದ ಮೇಲೆ, ಎಲ್ಲಾ ಹೇಳಿ, ಒಪ್ಪಿದವರನ್ನ ಮದುವೆಯಾಗಿ ಚೆನ್ನಾಗಿರೋರು ಬೇಕಾದಷ್ಟು ಜನ ಇದ್ದಾರೆ. ದೇವಸ್ಥಾನಕ್ಕೆ ಹೋಗಿ, ಯಾರೂ ಬೇಡ ಅನ್ನಲ್ಲ, ಮಾತ್ರೆನೂ ತಗೊಳ್ಳಿ ಅಷ್ಟೇ. ಮಾತ್ರೆ ಕೆಲಸ ಮಾಡೋಕೆ ಕೆಲವು ವಾರ ಬೇಕು, ನಾಲ್ಕನೇ ದಿನಕ್ಕೇ ಏನೂ ಆಗಿಲ್ಲ ಅಂತ ನಿಲ್ಲಿಸಬೇಡಿ.

ಪ್ರಶ್ನೆ: ಮೇಡಂ ನಮಸ್ಕಾರ್ರೀ. ನಮ್ಮ ಮನಿಯಾಕಿಗೆ ಎರಡ ವರ್ಷದ ಹಿಂದ ನಿದ್ದಿನ ಇಲ್ದಂಗಾತು, ಒಂದ ಸವನ ಮಾತು, ಊರಿಗೆಲ್ಲಾ ಊಟ ಹಾಕ್ತೀನಿ ಅಂತ ಬಂಗಾರ ಅಡಾ ಇಟ್ಟು ರೊಕ್ಕಾ ಖರ್ಚ ಮಾಡಿದ್ಲು. ಧಾರವಾಡ ಡಿಮ್ಹಾನ್ಸ್‌ನ್ಯಾಗ ಅಡ್ಮಿಟ್ ಮಾಡಿ ಆರಾಮಾತು. ಈಗ ಲಿಥಿಯಂ ಗುಳಿಗಿ ನಡದೈತ್ರೀ. ಈಗ ಪೂರಾ ಚೊಲೋ ಅದಾಳ, ಹೊಲದ ಕೆಲಸಾನೂ ಮಾಡ್ತಾಳ. ಗುಳಿಗಿ ಹೀಟ ಅಂತಾರ ಮಂದಿ, ಬಿಡಸ್ಲೇನ್ರೀ? ಮತ್ತ ಪದೇ ಪದೇ ರಕ್ತಾ ಯಾಕ ತಗೀತಾರ್ರೀ? (ಹಾವೇರಿ ಕಡೆ)

ಉತ್ತರ: ಬಿಡಿಸಬೇಡಿ ಯಜಮಾನ್ರೇ. ಚೊಲೋ ಇರೋದು ಗುಳಿಗಿ ತಗೋತಿರೋದಕ್ಕೇ. ಈ ಕಾಯಿಲೆಗೆ ಬೈಪೋಲಾರ್ ಅಂತಾರೆ, ಒಂದ್ಸಲ ಮೇಲೆ ಹೋಗುತ್ತೆ ಒಂದ್ಸಲ ಪೂರ್ತಿ ಕೆಳಗೆ ಬೀಳುತ್ತೆ, ಮಧ್ಯದಲ್ಲಿ ತಿಂಗಳುಗಟ್ಟಲೆ ವರ್ಷಗಟ್ಟಲೆ ಏನೂ ಇಲ್ಲದ ಹಂಗೆ ಇರ್ತಾರೆ, ಆವಾಗಲೇ ಎಲ್ಲರೂ ಮಾತ್ರೆ ಬಿಡೋದು. ಅದರಲ್ಲೂ ಲಿಥಿಯಂನ ಒಮ್ಮೆಲೇ ನಿಲ್ಲಿಸಿದ್ರೆ ಕಾಯಿಲೆ ಜೋರಾಗಿ ತಿರುಗಿ ಬರೋ ಸಾಧ್ಯತೆ ಜಾಸ್ತಿ. ಯಾವತ್ತಾದ್ರೂ ನಿಲ್ಲಿಸೋದಾದ್ರೂ ಡಾಕ್ಟ್ರು ನಿಧಾನಕ್ಕೆ ಇಳಿಸಿ ನಿಲ್ಲಿಸಬೇಕು.

ರಕ್ತದ ವಿಷಯ ನೀವು ಕೇಳಿದ್ದು ಒಳ್ಳೇದಾಯ್ತು. ಲಿಥಿಯಂ ಅನ್ನೋದು ಒಂಥರಾ ಉಪ್ಪೇ, ರಕ್ತದಲ್ಲಿ ಕಮ್ಮಿ ಇದ್ರೆ ಕೆಲಸ ಮಾಡಲ್ಲ, ಸ್ವಲ್ಪ ಜಾಸ್ತಿ ಆದ್ರೂ ವಿಷ ಆಗುತ್ತೆ, ನಡುವಿನ ಅಂತರ ಬಹಳ ಸಣ್ಣದು. ಅದಕ್ಕೇ ಅಳೆದು ನೋಡೋದು. ರಾತ್ರಿ ಗುಳಿಗಿ ತಗೊಂಡು ಸುಮಾರು 12 ಗಂಟೆ ಆದ ಮೇಲೆ ರಕ್ತ ಕೊಡಬೇಕು, ಬೆಳಗಿನ ಗುಳಿಗಿ ಇದ್ರೆ ರಕ್ತ ಕೊಟ್ಟ ಮೇಲೆ ತಗೋಬೇಕು, ಇಲ್ಲದಿದ್ರೆ ಲೆಕ್ಕ ತಪ್ಪುತ್ತೆ. ಜೊತೆಗೆ ಕಿಡ್ನಿ, ಥೈರಾಯ್ಡ್ ಕೂಡ ಆಗಾಗ ನೋಡ್ತಾರೆ.

ಹೊಲದ ಕೆಲಸ ಮಾಡ್ತಾರೆ ಅಂದ್ರಲ್ಲ, ಇದನ್ನ ಗಟ್ಟಿಯಾಗಿ ನೆನಪಿಟ್ಕೊಳ್ಳಿ. ಏಪ್ರಿಲ್ ಮೇ ಬಿಸಿಲಲ್ಲಿ ಬೆವರು ಸುರಿದು ನೀರು ಉಪ್ಪು ಕಮ್ಮಿ ಆದ್ರೆ, ವಾಂತಿ ಭೇದಿ ಆದ್ರೆ, ಅಥವಾ ಯಾರೋ ಬಿಪಿಗೆ ಅಂತ ಉಪ್ಪು ಪೂರ್ತಿ ಬಿಡಿಸಿದ್ರೆ ಲಿಥಿಯಂ ಮಟ್ಟ ಏರುತ್ತೆ. ಸೊಂಟ ನೋವು ಅಂತ ಮೆಡಿಕಲ್ ಶಾಪಿಂದ ತಂದು ನುಂಗೋ ಡೈಕ್ಲೊಫೆನಾಕ್, ಐಬುಪ್ರೊಫೆನ್ ತರದ ನೋವಿನ ಮಾತ್ರೆನೂ ಏರಿಸುತ್ತೆ, ಬಿಪಿಯ ಕೆಲವು ಮಾತ್ರೆಗಳೂ ಅಷ್ಟೇ. ಕೈ ಜೋರಾಗಿ ನಡುಗೋದು, ನಡೆಯೋವಾಗ ತೂರಾಡೋದು, ನಾಲಿಗೆ ತೊದಲೋದು, ವಾಂತಿ ಭೇದಿ, ಇಷ್ಟರಲ್ಲಿ ಏನಾದ್ರೂ ಕಂಡ್ರೆ ಮುಂದಿನ ಡೋಸ್ ಕೊಡದೆ ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಮಗು ಬೇಕು ಅಂತಿದ್ರೆ ಮೊದಲೇ ಡಾಕ್ಟ್ರ ಹತ್ರ ಮಾತಾಡಿ, ಬಸಿರಾದ ಮೇಲಲ್ಲ.

ಇನ್ನೊಂದು, ಮತ್ತೆ ಮೇಲೆ ಹೋಗ್ತಿದೆ ಅನ್ನೋದು ಮೊದಲು ನಿದ್ದೇಲಿ ಗೊತ್ತಾಗುತ್ತೆ. ಎರಡು ಮೂರು ರಾತ್ರಿ ನಿದ್ದೆ ಕಮ್ಮಿಯಾಗಿ, ಆದ್ರೂ ಸುಸ್ತೇ ಇಲ್ಲದ ಹಂಗೆ ಓಡಾಡ್ತಿದ್ರೆ ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯದೆ ಹೋಗಿ. ಆರಾಮಿರೋವಾಗ್ಲೇ ಅವರನ್ನೇ ಕೇಳಿ, ನಿನಗೆ ಹಂಗಾದಾಗ ನಾನು ಏನು ಮಾಡ್ಲಿ, ಬಂಗಾರ ಎಟಿಎಂ ಕಾರ್ಡ್ ಯಾರ ಹತ್ರ ಇರ್ಲಿ, ಯಾವ ಆಸ್ಪತ್ರೆ. ಅದನ್ನ ಬರೆದಿಡೋಕೆ, ತನ್ನ ಪರವಾಗಿ ಯಾರು ತೀರ್ಮಾನ ಮಾಡ್ಬೇಕು ಅಂತ ಹೆಸರು ಹೇಳೋಕೆ ಆ 2017ರ ಕಾಯ್ದೇಲೇ ಅವಕಾಶ ಇದೆ.

ಪ್ರಶ್ನೆ: ನಮ್ಮ ಅತ್ತೆಗೆ 68 ವರ್ಷ. ಒಂದು ವರ್ಷದಿಂದ ನಾನು ಊಟದಲ್ಲಿ ವಿಷ ಹಾಕ್ತಿದೀನಿ ಅಂತ ಎಲ್ಲರಿಗೂ ಹೇಳ್ತಾರೆ, ತಾವೇ ಬೇರೆ ಪಾತ್ರೇಲಿ ಅನ್ನ ಮಾಡ್ಕೋತಾರೆ. ಡಾಕ್ಟ್ರು ಮಾತ್ರೆ ಕೊಟ್ಟಿದ್ದಾರೆ, ತಗೊಳ್ಳಲ್ಲ. ಕಾಫೀಲಿ ಪುಡಿ ಮಾಡಿ ಹಾಕಿ ಕೊಡಬಹುದಾ? ನಮ್ಮ ಯಜಮಾನ್ರು ಹಂಗೇ ಮಾಡು ಅಂತಾರೆ. (ಸೊಸೆ, ಮೈಸೂರು)

ಉತ್ತರ: ಬೇಡಮ್ಮ. ಸೊಸೆ ಊಟದಲ್ಲಿ ಏನೋ ಹಾಕ್ತಾಳೆ ಅಂತ ಅನುಮಾನ ಇರೋರಿಗೆ ನಿಜವಾಗ್ಲೂ ಕಾಫೀಲಿ ಏನೋ ಹಾಕಿ, ಅದು ಒಂದಿನ ಗೊತ್ತಾದ್ರೆ? ಆಮೇಲೆ ಅವರ ಅನುಮಾನ ತಪ್ಪು ಅಂತ ಯಾವ ಬಾಯಲ್ಲಿ ಹೇಳ್ತೀರಿ. ಸಿಕ್ಕಿಬೀಳೋರು ನಿಮ್ಮ ಯಜಮಾನ್ರಲ್ಲ, ನೀವು, ಅದನ್ನೂ ಯೋಚನೆ ಮಾಡಿ. ಕದ್ದು ಕೊಟ್ರೆ ಎಷ್ಟು ಒಳಗೆ ಹೋಯ್ತು ಅಂತಾನೂ ಗೊತ್ತಾಗಲ್ಲ, ಅರ್ಧ ಲೋಟ ಉಳಿಸಿದ್ರೆ ಅರ್ಧ ಡೋಸು. ತಲೆ ಸುತ್ತಿ ಬಚ್ಚಲಲ್ಲಿ ಬಿದ್ರೆ ಯಾಕೆ ಅಂತ ಅವರಿಗೂ ತಿಳಿಯಲ್ಲ. ಮನೆಮನೇಲಿ ಇದು ನಡೀತಿದೆ, ಕಷ್ಟ ತಡೆಯೋಕಾಗದೆ ಮಾಡ್ತಾರೆ, ನಾನು ಅವರನ್ನ ಬೈಯಲ್ಲ. ಆದ್ರೆ ಮಾಡಿ ಅಂತ ಹೇಳೋಕೆ ನನ್ನ ಕೈಲಾಗಲ್ಲ.

ಮಾತ್ರೆ ಕೊಡೋ ಕೆಲಸ ಮಗ ವಹಿಸ್ಕೊಳ್ಳಲಿ, ಅವರ ಮೇಲೆ ಅತ್ತೆಗೆ ಅನುಮಾನ ಇಲ್ಲ ಅಲ್ವಾ. ಮಾತ್ರೆ ಶೀಟ್ ಅತ್ತೆ ಕೈಗೇ ಕೊಟ್ಟು ಅವರೇ ಒಡೆದು ತಗೊಳ್ಳೋ ಹಂಗಾಗ್ಲಿ. ಅದೂ ಆಗದಿದ್ರೆ ಎರಡು ವಾರಕ್ಕೋ ತಿಂಗಳಿಗೋ ಒಂದು ಸಲ ಹಾಕೋ ಇಂಜೆಕ್ಷನ್ ಇವೆ, ವಯಸ್ಸು ನೋಡಿ ಡಾಕ್ಟ್ರು ತೀರ್ಮಾನ ಮಾಡ್ತಾರೆ. 67ನೇ ವಯಸ್ಸಲ್ಲಿ ಮೊದಲ ಸಲ ಇಂಥ ಅನುಮಾನ ಶುರುವಾಗಿದೆ ಅಂದ್ರೆ ಮರೆವಿನ ಕಾಯಿಲೆ ಏನಾದ್ರೂ ಇದ್ಯಾ, ಥೈರಾಯ್ಡ್, ಬಿ12 ಹೆಂಗಿದೆ ಅಂತಾನೂ ನೋಡಿಸ್ಬೇಕು. ಕಿವಿ ಕೇಳುತ್ತಾ ಅಂತ ಪರೀಕ್ಷೆ ಮಾಡ್ಸಿದೀರಾ? ಕಿವಿ ಮಂದ ಆದವರಿಗೆ ಮನೆಯವರು ಮಾತಾಡೋದೆಲ್ಲ ಪಿಸುಗುಟ್ಟಿದ ಹಂಗೇ ಕಾಣುತ್ತೆ, ಅನುಮಾನ ಬೆಳೆಯುತ್ತೆ.

ಪ್ರಶ್ನೆ: ಮಧ್ಯರಾತ್ರಿ ಏನಾದ್ರೂ ಆದ್ರೆ ಫೋನಲ್ಲಿ ಕನ್ನಡದಲ್ಲೇ ಮಾತಾಡೋಕೆ ಯಾವುದಾದ್ರೂ ನಂಬರ್ ಇದ್ಯಾ? (ಕಾಲೇಜು ಹುಡುಗಿ, ಕೋಲಾರ)

ಉತ್ತರ: 14416. ಟೆಲಿ ಮಾನಸ್ ಅಂತ ಹೆಸರು, 2022ರ ಅಕ್ಟೋಬರ್ 10ರಿಂದ ಇದೆ, ಇಡೀ ದೇಶದ್ದನ್ನ ನಿಮ್ಹಾನ್ಸ್ ನೋಡ್ಕೊಳ್ಳುತ್ತೆ. ದುಡ್ಡಿಲ್ಲ, 24 ಗಂಟೆ, ಕನ್ನಡದಲ್ಲಿ ಮಾತಾಡಬಹುದು. ಇನ್ನೊಂದು ನಂಬರ್ 1800 891 4416. ಸಾಯಬೇಕು ಅನ್ನಿಸ್ತಿರೋರೇ ಮಾಡ್ಬೇಕು ಅಂತೇನಿಲ್ಲ, ಎಕ್ಸಾಂ ಟೆನ್ಷನ್, ನಿದ್ದೆ, ಮನೇಲಿ ಜಗಳ ಏನಕ್ಕಾದ್ರೂ ಮಾಡಿ, ನಿಮ್ಮ ಫ್ರೆಂಡ್ ಬಗ್ಗೆ ಭಯ ಆದ್ರೂ ಮಾಡಿ. ಈಗಲೇ ಜೀವಕ್ಕೆ ಅಪಾಯ ಅಂತಿದ್ರೆ ಮಾತ್ರ 112, ಮತ್ತೆ ಅವರನ್ನ ಒಬ್ಬರೇ ಬಿಡಬೇಡಿ. ಪೊಲೀಸ್ ಕೇಸ್ ಆಗುತ್ತೆ ಅಂತ ಆಸ್ಪತ್ರೆಗೆ ಹೋಗದೆ ಇರಬೇಡಿ, ಆತ್ಮಹತ್ಯೆಗೆ ಪ್ರಯತ್ನಪಟ್ಟವರನ್ನ ತೀವ್ರ ಒತ್ತಡದಲ್ಲಿದ್ದರು ಅಂತಲೇ ಕಾನೂನು ನೋಡುತ್ತೆ, ಶಿಕ್ಷೆ ಕೊಡೋಕೆ ಹೋಗಲ್ಲ.

ಪ್ರಶ್ನೆ: ನಾನು ನಿವೃತ್ತ ಸರ್ಕಾರಿ ಶಾಲಾ ಶಿಕ್ಷಕ, ಮಗಳಿಗೆ 39. ಹದಿನೆಂಟು ವರ್ಷದಿಂದ ಸ್ಕಿಜೋಫ್ರೀನಿಯಾ. ಮಾತ್ರೆ ತಪ್ಪಿಸಲ್ಲ, ಗಲಾಟೆ ಇಲ್ಲ, ಆದರೆ ಏನೂ ಮಾಡದೆ ಕೂತಿರುತ್ತಾಳೆ. ನಮಗೆ ವಯಸ್ಸಾಯಿತು. ನಮ್ಮ ನಂತರ ಇವಳ ಗತಿ ಏನು ಅಂತ ರಾತ್ರಿ ನಿದ್ದೆ ಬರುವುದಿಲ್ಲ. (ತುಮಕೂರು)

ಉತ್ತರ: ಮೇಷ್ಟ್ರೇ, ಈ ಪ್ರಶ್ನೆ ಕೇಳದ ಅಪ್ಪ ಅಮ್ಮನ್ನ ನಾನು ನೋಡೇ ಇಲ್ಲ. ಸುಮ್ನೆ ಧೈರ್ಯ ಹೇಳಲ್ಲ, ಈ ವರ್ಷ ಮಾಡಿ ಮುಗಿಸೋ ಕೆಲಸಗಳನ್ನ ಹೇಳ್ತೀನಿ.

ಮಗಳಿಗೆ ಅಂಗವೈಕಲ್ಯ ಪ್ರಮಾಣಪತ್ರ ಮಾಡ್ಸಿದೀರಾ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೇಲಿ ಮಾನಸಿಕ ಕಾಯಿಲೆನೂ ಸೇರಿದೆ, ಶೇಕಡಾ 40 ಅಥವಾ ಜಾಸ್ತಿ ಬಂದ್ರೆ ಯುಡಿಐಡಿ ಅನ್ನೋ ಅಂಗವಿಕಲರ ಗುರುತಿನ ಕಾರ್ಡ್ ಮೇಲೆ ಸೌಲಭ್ಯಗಳು ಸಿಗುತ್ತೆ. ಜಿಲ್ಲಾ ಆಸ್ಪತ್ರೆಗೆ ಚಿಕಿತ್ಸೆಯ ಹಳೇ ಕಾಗದ ತಗೊಂಡು ಹೋಗಿ. ಅದಕ್ಕಿಂತ ಮುಖ್ಯ ನಿಮ್ಮ ಪಿಂಚಣಿ. ಮಾನಸಿಕ ಕಾಯಿಲೆಯಿಂದ ದುಡಿಯೋಕಾಗದ ಮಕ್ಕಳಿಗೆ ಅಪ್ಪ ಅಮ್ಮನ ನಂತರ ಕುಟುಂಬ ಪಿಂಚಣಿ ಮುಂದುವರಿಯೋ ನಿಯಮ ಇದೆ, ಆದ್ರೆ ನೀವಿರೋವಾಗ್ಲೇ ಅವಳ ಹೆಸರು, ಪ್ರಮಾಣಪತ್ರ ದಾಖಲೆಗೆ ಸೇರಿಸಿಡಿ, ಆಮೇಲೆ ಓಡಾಡೋರು ಯಾರು? ಆದಾಯ ತೆರಿಗೆ ಕಟ್ತಿದ್ರೆ ಹಳೇ ತೆರಿಗೆ ಪದ್ಧತೀಲಿ, ತೆರಿಗೆ ಲೆಕ್ಕ ಹಾಕೋ ಆದಾಯದಲ್ಲಿ 75,000 ರೂಪಾಯಿ, ತೀವ್ರ ಅಂಗವೈಕಲ್ಯ ಇದ್ರೆ 1,25,000 ರೂಪಾಯಿ ಕಡಿತ ಸಿಗುತ್ತೆ. ಮನೆ, ಜಮೀನಿನ ವಿಲ್ ಬಗ್ಗೆ ವಕೀಲರನ್ನ ಕೂರಿಸ್ಕೊಂಡು ಮಾತಾಡಿ, ನಿಮ್ಮ ಇನ್ನೊಬ್ಬರು ಮಕ್ಕಳಿದ್ರೆ ಅವರನ್ನೂ ಪಕ್ಕದಲ್ಲಿಟ್ಕೊಂಡು. ಅವರು ನೋಡ್ಕೋತಾರೆ ಬಿಡಿ ಅಂತ ನೀವಂದ್ಕೊಂಡು, ಅವರು ಇನ್ನೇನೋ ಅಂದ್ಕೊಂಡು, ಕೊನೆಗೆ ಕಷ್ಟ ಅವಳಿಗೇ ಬರುತ್ತೆ.

ಏನೂ ಮಾಡದೆ ಕೂತಿರ್ತಾಳೆ ಅಂದ್ರಲ್ಲ, ಅದು ಸೋಮಾರಿತನ ಅಲ್ಲ, ಕಾಯಿಲೆಯ ಒಂದು ಭಾಗ. ಕೇಳಿಸೋ ದನಿಗಳನ್ನ ಮಾತ್ರೆ ಕಮ್ಮಿ ಮಾಡುತ್ತೆ, ಈ ಉತ್ಸಾಹ ಇಲ್ಲದಿರೋದಕ್ಕೆ ಅಷ್ಟು ಕೆಲಸ ಮಾಡಲ್ಲ. ಇದಕ್ಕೆ ಬೇಕಿರೋದು ರಿಹ್ಯಾಬ್, ಅಂದ್ರೆ ದಿನದ ಕೆಲಸಗಳನ್ನ ಮತ್ತೆ ಕಲಿಸೋ ಪುನರ್ವಸತಿ. ಜಿಲ್ಲೆಗಳಲ್ಲಿ ಮಾನಸಧಾರ ಅನ್ನೋ ಹಗಲು ಕೇಂದ್ರಗಳಿವೆ, ಬೆಳಿಗ್ಗೆ ಹೋಗಿ ಸಂಜೆ ಬರೋದು, ತುಮಕೂರಿನದರ ಬಗ್ಗೆ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ತಂಡದವರನ್ನ ಕೇಳಿ. ನಿಮ್ಹಾನ್ಸಿನ ರಿಹ್ಯಾಬ್ ವಿಭಾಗದಲ್ಲಿ ಬೇಕರಿ, ಟೈಲರಿಂಗ್ ತರದ ಕೆಲಸ ಕಲಿಸ್ತಾರೆ, ಆ ಬೇಕರಿ ಬ್ರೆಡ್ಡು ಚೆನ್ನಾಗಿರುತ್ತೆ, ನಾನೇ ತಗೋತಿದ್ದೆ. ಕೆಲವು ತಿಂಗಳು ಅಲ್ಲೇ ಇದ್ದು ಕಲಿಯೋ ಹಾಫ್‌ವೇ ಹೋಂ ಬೆಂಗಳೂರಲ್ಲಿ ರಿಚ್ಮಂಡ್ ಫೆಲೋಶಿಪ್ ಸೊಸೈಟಿ, ಮೆಡಿಕೊ ಪಾಸ್ಟೋರಲ್ ಅಸೋಸಿಯೇಷನ್ ಇಂಥವರು ನಡೆಸ್ತಾರೆ. ಜೀವನಪೂರ್ತಿ ಇರೋ ಜಾಗಗಳು ಕಮ್ಮಿ, ಖಾಸಗೀಲಿ ಖರ್ಚು ಜಾಸ್ತಿ, ಇದು ನಮ್ಮ ರಾಜ್ಯದಲ್ಲಿ ದೊಡ್ಡ ಕೊರತೆ, ಸರ್ಕಾರ ಇದರಲ್ಲಿ ಹಿಂದೆ ಬಿದ್ದಿದೆ ಅಂತ ನೇರವಾಗೇ ಹೇಳ್ತೀನಿ. ಹಾಗಾಗಿ ನೀವಿರೋವಾಗ್ಲೇ ಅವಳು ಅನ್ನ ಸಾರು ಮಾಡೋದು, ಬ್ಯಾಂಕಿಗೆ ಹೋಗೋದು, ತನ್ನ ಮಾತ್ರೆ ತಾನೇ ತರೋದು ಕಲೀಬೇಕು. ಒಂದೊಂದೇ. ಈ ತಿಂಗಳು ಬೆಳಗಿನ ಕಾಫಿ ಅವಳದ್ದು ಅಂತ ಶುರು ಮಾಡಿ. ಸರಿಯಾಗಿ ಬರಲಿಲ್ಲ ಅಂತ ನೀವೇ ಎದ್ದು ಮಾಡಬೇಡಿ. ಮೇಷ್ಟ್ರು ಅಲ್ವಾ, ತಿದ್ದೋ ಅಭ್ಯಾಸ ಇರುತ್ತೆ. ಯಾವಾಗಲೂ ತಪ್ಪು ಎತ್ತಿ ಆಡೋ ಮನೇಲೂ, ಎಲ್ಲಾ ನಾವೇ ಮಾಡಿಬಿಡ್ತೀವಿ ಅನ್ನೋ ಮನೇಲೂ ಕಾಯಿಲೆ ತಿರುಗಿ ಬರೋದು ಜಾಸ್ತಿ ಅಂತ ಎಷ್ಟೋ ದೇಶಗಳ ಅಧ್ಯಯನಗಳು ಹೇಳಿವೆ.

ನಿಮ್ಮ ನಿದ್ದೆ ಬಗ್ಗೆನೂ ಅದೇ ಆಸ್ಪತ್ರೇಲಿ ಹೇಳಿ, ನಾಚಿಕೆ ಬೇಡ. ಬೆಂಗಳೂರಲ್ಲಿ ಆಮೆಂಡ್ ಅಂತ ಪೇಷೆಂಟುಗಳ ಮನೆಯವರೇ ಕಟ್ಟಿಕೊಂಡಿರೋ ಸಂಘ ಇದೆ, ಇಂಥದೇ ಕಷ್ಟದ ಅಪ್ಪ ಅಮ್ಮಂದಿರು ಸೇರಿ ಮಾತಾಡ್ತಾರೆ. ಅಲ್ಲಿಗೆ ಒಮ್ಮೆ ಹೋಗಿ ಬನ್ನಿ, ಅಮ್ಮನನ್ನೂ ಕರ್ಕೊಂಡು.

ಪ್ರಶ್ನೆ: ಡಾಕ್ಟ್ರು ನಿಮ್ಹಾನ್ಸಿಗೆ ಬರೆದುಕೊಟ್ಟಿದ್ದಾರೆ. ಹೋಗೋವಾಗ ಏನೇನು ತಗೊಂಡು ಹೋಗ್ಬೇಕು? (ಚಿಂತಾಮಣಿ)

ಉತ್ತರ: ಆ ಚೀಟಿ, ಆಧಾರ್, ಬಿಪಿಎಲ್ ಕಾರ್ಡಿದ್ರೆ ಮರೀದೆ (ಖರ್ಚಲ್ಲಿ ರಿಯಾಯಿತಿ ಇದೆ), ಹಳೇ ಪ್ರಿಸ್ಕ್ರಿಪ್ಷನ್‌ಗಳು, ಸ್ಕ್ಯಾನ್, ಈಗ ತಗೋತಿರೋ ಮಾತ್ರೆ ಶೀಟ್‌ಗಳು ಖಾಲಿಯಾಗಿದ್ರೂ ಪರವಾಗಿಲ್ಲ. ಮುಖ್ಯವಾಗಿ ಪೇಷೆಂಟ್ ಜೊತೆ ದಿನಾ ಇರೋರು ಬರಬೇಕು, ಕಾರಿದೆ ಅಂತ ಭಾವಮೈದನನ್ನ ಮಾತ್ರ ಕಳಿಸಿದ್ರೆ ಡಾಕ್ಟ್ರು ಕೇಳಿದ ಪ್ರಶ್ನೆಗೆಲ್ಲ ಗೊತ್ತಿಲ್ಲ ಅಂತಾನೆ. ಬೆಳಿಗ್ಗೆ ಬೇಗ ಹೋಗಿ, ಪೂರ್ತಿ ಒಂದು ದಿನ ಹಿಡಿಯುತ್ತೆ ಅಂದ್ಕೊಂಡೇ ಹೊರಡಿ, ಊಟ ನೀರು ಕಟ್ಕೊಳ್ಳಿ. ತುರ್ತಿದ್ರೆ ಎಮರ್ಜೆನ್ಸಿ ರಾತ್ರಿನೂ ತೆಗೆದಿರುತ್ತೆ. ವಾಪಸ್ ಬರೋವಾಗ, ಇದೇ ಮಾತ್ರೆ ನಮ್ಮ ಚಿಂತಾಮಣಿ ಆಸ್ಪತ್ರೇಲಿ ಮುಂದುವರಿಸಬಹುದಾ ಅಂತ ಕೇಳಿ ಚೀಟಿ ಬರೆಸ್ಕೊಂಡೇ ಬನ್ನಿ.